ಸಹಾಯ ಬೇಕು: ಕ್ರೋಮೋಸೋಮ್ ಬಿಡಿಬಿಡಿಯಾಗಿ ಹರಡ್ತಿಲ್ಲ

ಕೋಲಾರದ ಲ್ಯಾಬ್‌ನಲ್ಲಿ ಕ್ಯಾರಿಯೋಟೈಪಿಂಗ್ (ಕೋಶದ ಕ್ರೋಮೋಸೋಮ್ ಎಣಿಸಿ, ಜೋಡಿಸಿ ನೋಡೋ ಪರೀಕ್ಷೆ) ಮಾಡ್ತಿದ್ದೀವಿ. ಹೆಪಾರಿನ್ ಟ್ಯೂಬಿನ ರಕ್ತ, ಬಿಳಿ ರಕ್ತಕಣ ವಿಭಜನೆಯಾಗಲಿ ಅಂತ ಪಿಎಚ್‌ಎ ಹಾಕಿ 37 ಡಿಗ್ರಿಯಲ್ಲಿ 72 ಗಂಟೆ. ಕಲ್ಚರ್ ಚೆನ್ನಾಗೇ ಬರುತ್ತೆ, ಮೆಟಾಫೇಸ್‌ಗೇನೂ (ವಿಭಜನೆಯ ನಡುವೆ ಕ್ರೋಮೋಸೋಮ್ ಎದ್ದು ಕಾಣೋ ಹಂತದ ಕೋಶ) ಕೊರತೆಯಿಲ್ಲ.

ತೊಂದರೆ ಇರೋದು ಸ್ಲೈಡ್‌ನಲ್ಲಿ. 46 ಕ್ರೋಮೋಸೋಮೂ ಒಂದೇ ಮುದ್ದೆ, ಸುತ್ತ ಬೂದು ಬಣ್ಣದ ಸೈಟೋಪ್ಲಾಸಂ. ಟ್ರಿಪ್ಸಿನ್ ಕಿಣ್ವ ಕೊಟ್ಟರೂ ಜಿ-ಬ್ಯಾಂಡ್ (ಬಣ್ಣ ಹಾಕಿದಾಗ ಕ್ರೋಮೋಸೋಮ್ ಮೇಲೆ ಕಾಣೋ ಪಟ್ಟೆ) ಮಸುಕು. ಕೋಶ ಉಬ್ಬಿಸೋಕೆ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ) 0.075 ಮೋಲಾರ್, 20 ನಿಮಿಷ. ಕೋಶ ಕೆಡದಂತೆ ಹಿಡಿದಿಡೋ ಫಿಕ್ಸೇಟಿವ್ ಮೆಥನಾಲ್, ಅಸಿಟಿಕ್ ಆಸಿಡ್ 3:1, ಆಗಿಂದಾಗ್ಗೆ ಬೆರೆಸಿದ್ದೇ. ಫಿಕ್ಸೇಟಿವ್ ತೊಳೆತ ಹೆಚ್ಚಿಸಿಯೂ ನೋಡಾಯ್ತು. ಮಳೆ ಬಂದ ದಿನ ಇದೇ ಪೆಲೆಟ್ (ತಳಕ್ಕಿಳಿದ ಕೋಶಗಳ ಗಸಿ) ಸೊಗಸಾಗಿ ಹರಡಿತ್ತು. ಈ ಒಣಗಾಳಿಗೆ ಹನಿ ಬಿದ್ದ ಕೂಡಲೇ ಆರಿಹೋಗುತ್ತೆ.

ಕೆಸಿಎಲ್ ಅತಿಯಾದರೆ ಕೋಶ ಒಡೆದು ಕ್ರೋಮೋಸೋಮ್ ಚೆಲ್ಲಿಹೋಗುತ್ತೆ. ಮೊಸಾಯಿಕ್ ಟರ್ನರ್ (ಕೆಲವು ಕೋಶಗಳಲ್ಲಿ ಮಾತ್ರ ಒಂದು ಎಕ್ಸ್ ಕ್ರೋಮೋಸೋಮ್ ಇಲ್ಲದಿರೋದು) ಸಂಶಯ ಇರೋ ಹುಡುಗಿಯ ಸ್ಯಾಂಪಲ್‌ನಲ್ಲಿ 45 ಎಣಿಕೆ ನಿಜವೋ, ಚೆಲ್ಲಿದ್ದೋ ಅನ್ನೋದೇ ತಿಳಿಯಲ್ಲ. ಅದೇ ದೊಡ್ಡ ಭಯ.

ಕೈ ಪಳಗಿದವರು ಹೇಳಿ: ಮೊದಲು ಕೆಸಿಎಲ್ 25 ನಿಮಿಷಕ್ಕೆ ಏರಿಸಲಾ, ಇಲ್ಲಾ ಅದನ್ನು ಮುಟ್ಟದೆ ಸ್ಲೈಡನ್ನು ಬಿಸಿನೀರಿನ ಆವಿಗೆ ಹಿಡಿದು ಹನಿ ಬಿಡಲಾ? ಆವಿಗಾದರೆ ಎಷ್ಟು ಸೆಕೆಂಡ್?