ತೋಟದ ಒಂಟಿ ಮನೆಯಲ್ಲಿ ಅಪ್ಪಯ್ಯ-ಅಮ್ಮ: ಅಲ್ಲೇ ಇರಲಿ ಅನ್ನುವುದಾ, ಕರೆದುಕೊಂಡು ಬರುವುದಾ?

ಪ್ರಶ್ನೆ

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆ. ಅಡಿಕೆ ತೋಟದ ಮಧ್ಯೆ ಒಂಟಿ ಮನೆ. ಅಪ್ಪಯ್ಯನಿಗೆ 78, ಸ್ಟೆಂಟ್ ಹಾಕಿದೆ. ಅಮ್ಮನಿಗೆ 71, ಮಂಡಿ ನೋವು ಜಾಸ್ತಿ. ನಾನು, ತಮ್ಮ ಇಬ್ಬರೂ ಬೆಂಗಳೂರಿನಲ್ಲಿದ್ದೇವೆ. ಇಲ್ಲಿಗೆ ಬನ್ನಿ ಅಂದರೆ ಅಪ್ಪಯ್ಯ ಎದ್ದು ತೋಟಕ್ಕೆ ಹೋಗಿಬಿಡುತ್ತಾರೆ. ಅಮ್ಮ "ಅವರು ಬಂದರೆ ನಾನೂ ಬರ್ತೀನಿ" ಅನ್ನುತ್ತಾರೆ. ಮಳೆಗಾಲ ಶುರುವಾಗುವ ಮೊದಲು ಏನಾದರೂ ತೀರ್ಮಾನ ಆಗಬೇಕು. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಶಿರಸಿ ಕಡೆಯವರು

ನಮ್ಮ ಅಪ್ಪಯ್ಯ, ಆಯಿ ಊರಲ್ಲೇ ಇದ್ದಾರೆ. ಇರುವುದಾ ಬಿಡುವುದಾ ಅಂತ ಮಾತು ಶುರು ಮಾಡಿದರೆ ಜಗಳವೇ ಆಗುತ್ತಿತ್ತು. ಆಮೇಲೆ ಬೇರೆ ಪ್ರಶ್ನೆ ಇಟ್ಟುಕೊಂಡೆವು. ರಾತ್ರಿ ಎರಡು ಗಂಟೆಗೆ ಎದೆ ನೋವು ಬಂದರೆ ಯಾರು ಬರುತ್ತಾರೆ? ಯಾವ ಗಾಡಿ? ಎಲ್ಲಿಗೆ? ಇದಕ್ಕೆ ಹೆಸರು ಹಿಡಿದು ಉತ್ತರ ಕೊಡಲು ಆದರೆ ಊರಲ್ಲಿ ಇರಬಹುದು. ಆಗದಿದ್ದರೆ ಇರಬಾರದು. ನನ್ನ ಮಟ್ಟಿಗೆ ಇದೇ ಲೆಕ್ಕ.

ನಮ್ಮ ಕಡೆ ದೊಡ್ಡ ಆಸ್ಪತ್ರೆ ಅಂದರೆ ಹುಬ್ಬಳ್ಳಿ, ಶಿರಸಿಯಿಂದ ಸುಮಾರು 100 ಕಿಲೋಮೀಟರ್. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜನ ಬೀದಿಗಿಳಿದದ್ದು ಸುಮ್ನೆ ಅಲ್ಲ. ನಿಮಗೆ ಒಂದು ಅನುಕೂಲ ಇದೆ. ಹೃದಯಾಘಾತಕ್ಕೆ ಈಗ ತಾಲ್ಲೂಕು ಆಸ್ಪತ್ರೆಯಲ್ಲೇ ಮೊದಲ ಚಿಕಿತ್ಸೆ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಿಂದ ಇದೆ. ಅಲ್ಲೇ ಇಸಿಜಿ ತೆಗೆಯುತ್ತಾರೆ, ದೂರದ ತಜ್ಞರು ನೋಡಿ ಹೇಳುತ್ತಾರೆ. ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ನಡೆಯುತ್ತಿದೆಯಾ, ರಾತ್ರಿ ಹೊತ್ತು ಯಾರಿರುತ್ತಾರೆ ಅಂತ ನೀವೇ ಹೋಗಿ ಕೇಳಿಕೊಂಡು ಬನ್ನಿ. ಫೋನಿನಲ್ಲಿ ಕೇಳಿದರೆ ಸರಿಯಾಗಿ ತಿಳಿಯುವುದಿಲ್ಲ. ಅಪ್ಪಯ್ಯನಿಗೆ ಸ್ಟೆಂಟ್ ಹಾಕಿದ ಕಾಗದ, ಹಳೆಯ ಇಸಿಜಿ, ಮಾತ್ರೆಗಳ ಪಟ್ಟಿ ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ತೂಗುಹಾಕಿ.

ಇನ್ನು ಗಾಡಿ. 108 ಇದ್ದೇ ಇದೆ, ಆದರೆ ಮಣ್ಣಿನ ರಸ್ತೆ, ಬಿದ್ದ ಮರ, ಕುಸಿದ ಧರೆ ದಾಟಿ ಅದು ಅಂಗಳಕ್ಕೆ ಬರುವುದು ಕಷ್ಟ. ನಾವು ಪಕ್ಕದ ಮನೆ ಹುಡುಗನ ಜೀಪನ್ನೇ ನಂಬಿದ್ದೇವೆ. ಅವನಿಗೆ ತಿಂಗಳು ತಿಂಗಳು ದುಡ್ಡು ಕೊಡುತ್ತೇವೆ, ಕರೆದರೂ ಕರೆಯದಿದ್ದರೂ. ಅವನು ಮೊದಲು ಬೇಡ ಅಂದ. ಆಯಿ ಒತ್ತಾಯ ಮಾಡಿ ಒಪ್ಪಿಸಿದರು. ಉಪಕಾರ ಅಂತ ಇದ್ದರೆ ಮುದುಕರು ನಡುರಾತ್ರಿ ಕರೆಯಲು ಸಂಕೋಚ ಪಡುತ್ತಾರೆ, ಬೆಳಗಾಗಲಿ ಅಂತ ಕಾಯುತ್ತಾರೆ. ಹೃದಯದ ತೊಂದರೆಯಲ್ಲಿ ಆ ಕಾಯುವಿಕೆಯೇ ಜೀವ ತೆಗೆಯುವುದು.

ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿ, ಕರೆಂಟ್ ಹೋದರೂ ಅದು ನಡೆಯುವ ಹಾಗೆ ಇನ್ವರ್ಟರ್‌ಗೆ ಜೋಡಿಸಿ. ನಮ್ಮ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ವೈಫೈ ಮೇಲೆಯೇ ಕರೆ ಹೋಗುತ್ತದೆ. ಬಚ್ಚಲಿಗೆ ಹಿಡಿಕೆ, ಜಾರದ ನೆಲ, ಮಂಡಿ ನೋವಿಗೆ ಕಮೋಡ್. ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟುತ್ತದೆ. ಸೀಳಿದ ಅಡಿಕೆ ಮರದ ದಬ್ಬೆ ಹಾಸಿದರೂ ಅದೂ ಜಾರುತ್ತದೆ. ಕೊಟ್ಟಿಗೆಯ ತನಕ ಒರಟು ಕಾಂಕ್ರೀಟಿನ ದಾರಿ ಮಾಡಿಸಿ.

ಬೆಂಗಳೂರಿನಿಂದ ಒಬ್ಬರು

ನಮ್ಮಮ್ಮ ಕೊಪ್ಪ ಕಡೆಯಿಂದ ಬಂದು ನಮ್ಮ ಜೊತೆ ಇದ್ದಾರೆ. ಚೆನ್ನಾಗಿದ್ದಾರೆ, ಅದನ್ನೂ ಯಾರಾದರೂ ಹೇಳಬೇಕಲ್ವಾ? ಆದರೆ ಅಪ್ಪ ತೀರಿಕೊಂಡ ಮೇಲೆ, ಅವರೇ "ಇನ್ನು ನಂಗಿಲ್ಲಿ ಆಗಲ್ಲ" ಅಂದ ಮೇಲೆ ಬಂದವರು. ನಾವು ಮನೆ ಬದಲಾಯಿಸಿ ನೆಲಮಹಡಿಗೆ ಬಂದೆವು. ಎದುರಿಗೇ ಪಾರ್ಕು, ಸಂಜೆ ಅಲ್ಲಿ ಕನ್ನಡ ಮಾತಾಡುವ ನಾಲ್ಕು ಜನ ಸಿಗುತ್ತಾರೆ. ಹಿಂದಿನ ಎಂಟನೇ ಮಹಡಿಯ ಮನೆಯಲ್ಲಿ ಇದ್ದಿದ್ದರೆ ಅಮ್ಮ ದಿನವಿಡೀ ಒಳಗೇ ಕೂತಿರುತ್ತಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹಾಗಾಗಿ ಹಗಲು ಹೊತ್ತು ಅವರು ಇಲ್ಲೂ ಒಬ್ಬರೇ. ಊರಿನ ಒಂಟಿತನ ತಪ್ಪಿಸಲು ಕರೆತಂದೆವು ಅನ್ನುವವರು ಇದನ್ನು ಯೋಚಿಸಬೇಕು.

ನಿಮ್ಮ ಅಪ್ಪಯ್ಯನ ವಿಷಯ ಬೇರೆ ಅನ್ನಿಸುತ್ತದೆ. ಮಾತು ಬಂದಾಗ ತೋಟಕ್ಕೆ ಎದ್ದು ಹೋಗುವವರನ್ನು ಅಪಾರ್ಟ್‌ಮೆಂಟಿಗೆ ಕರೆತರುವ ಮೊದಲು ಹತ್ತು ಸಲ ಯೋಚಿಸಿ.

ಕೇಳಿದವರು

ಅಪ್ಪಯ್ಯನ ದೊಡ್ಡ ಚಿಂತೆ ತೋಟವೇ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರು ಸಿಗುವುದಿಲ್ಲ, ಔಷಧಿ ಹೊಡೆಸುವುದು ತಪ್ಪಿದರೆ ಕೊಳೆ ರೋಗ ಬರುತ್ತದೆ, ಈಗ ಎಲೆಚುಕ್ಕಿ ರೋಗ ಬೇರೆ. ಬಿಟ್ಟು ಹೊರಟರೆ ತೋಟ ಹೋಯಿತು ಅಂತಲೇ ಅವರ ಲೆಕ್ಕ. ಯಾರಿಗಾದರೂ ವಹಿಸಿಕೊಟ್ಟವರು ಇದ್ದೀರಾ?

ವಕೀಲಿ ಮಾಡುವವರೊಬ್ಬರು

ಜಮೀನನ್ನು ಗೇಣಿಗೆ ಕೊಡಬೇಡಿ. ಸೈನಿಕರಂಥ ಕೆಲವರನ್ನು ಬಿಟ್ಟರೆ, 1974ರ ಭೂಸುಧಾರಣೆ ತಿದ್ದುಪಡಿ ಆದಮೇಲೆ ಅದಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ. ಗೇಣಿಗೆ ಕೊಟ್ಟರೆ ಜಮೀನೇ ಕೈತಪ್ಪುತ್ತದೆ ಅನ್ನುವ ಹೆದರಿಕೆ ಹಳಬರಿಗೆ ಇನ್ನೂ ಇದೆ, ಇರುವುದು ಸರಿಯೇ. ಫಸಲನ್ನು ಮಾತ್ರ ವರ್ಷ ವರ್ಷಕ್ಕೆ ಚೇಣಿಗೆ, ಅಂದರೆ ಗುತ್ತಿಗೆಗೆ ಕೊಡಿ. ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಚೇಣಿದಾರನ ಪಾಲು. ಗೊಬ್ಬರ, ಔಷಧಿ ಯಾರ ಪಾಲು ಅಂತ ಕಾಗದದಲ್ಲಿ ಬರೆದುಕೊಳ್ಳಿ.

ಇನ್ನೊಂದು ಮಾತು. ಇದು ನಿಮಗಿಂತ ಹೆಚ್ಚಾಗಿ ನಿಮ್ಮ ಅಪ್ಪಯ್ಯನಿಗೆ. ಊರು ಬಿಡುವ ಸಮಯದಲ್ಲಿ ಎಲ್ಲವನ್ನೂ ಮಕ್ಕಳ ಹೆಸರಿಗೆ ಮಾಡಿಬಿಡೋಣ ಅನ್ನುವ ಆತುರ ಬರುತ್ತದೆ. ಬೇಡ. ಉಯಿಲು ಬರೆದರೆ ಸಾಕು. ಬದುಕಿರುವ ತನಕ ಆಸ್ತಿ ಅವರದೇ, ಮನಸ್ಸು ಬದಲಾದರೆ ಬೇರೆ ಬರೆಯಬಹುದು. ದಾನಪತ್ರವನ್ನೇ ಮಾಡುವುದಾದರೆ "ನಮ್ಮನ್ನು ನೋಡಿಕೊಳ್ಳಬೇಕು" ಎಂಬ ಷರತ್ತು ಪತ್ರದಲ್ಲೇ ಇರಲಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಆ ಷರತ್ತು ಮುರಿದರೆ ಪತ್ರವನ್ನು ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬೇಕು. ನಿಮ್ಮ ಮನೆಯಲ್ಲಿ ಅಂಥದ್ದೇನೂ ಆಗಲಿಕ್ಕಿಲ್ಲ. ಆದರೂ ಆಸ್ತಿ ಅವರ ಕೈಯಲ್ಲಿದ್ದರೆ ಅವರು ಎಲ್ಲೇ ಇರಲಿ, ಧೈರ್ಯವಾಗಿ ಇರುತ್ತಾರೆ.

ತೀರ್ಥಹಳ್ಳಿಯಿಂದ, ನಿವೃತ್ತ ಶಿಕ್ಷಕಿ

ನನಗೇ ಈಗ 74. ಮಕ್ಕಳೇ ಮಾತಾಡುತ್ತಿದ್ದೀರಿ, ಮುದುಕರಲ್ಲಿ ಒಬ್ಬಳು ನಾನೂ ಹೇಳುತ್ತೇನೆ.

ನಾನು, ನಮ್ಮ ಮನೆಯವರು ಬೆಂಗಳೂರಿಗೂ ಹೋಗಲಿಲ್ಲ, ಒಂಟಿ ಮನೆಯಲ್ಲೂ ಉಳಿಯಲಿಲ್ಲ. ಪೇಟೆಯಲ್ಲಿ ಸಣ್ಣ ಮನೆ ಬಾಡಿಗೆಗೆ ಹಿಡಿದೆವು. ಆಸ್ಪತ್ರೆಗೆ ಆಟೋ ಸಿಗುತ್ತದೆ. ಶಿವಮೊಗ್ಗಕ್ಕೆ ಹೋಗಬೇಕಾದರೂ 60 ಕಿಲೋಮೀಟರ್, ನೇರ ರಸ್ತೆ. ತರಕಾರಿ, ಔಷಧಿ ಅಂಗಡಿ, ದೇವಸ್ಥಾನ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಮದುವೆ, ಉಪನಯನ, ಹದಿಮೂರನೇ ದಿನ, ಯಾವುದೂ ತಪ್ಪುವುದಿಲ್ಲ. ಅದೇ ಜನ, ಅದೇ ಮಾತು. ನಮ್ಮ ಮನೆಯವರು ಬಿಸಿಲು ಕಾಲದಲ್ಲಿ ಬೆಳಿಗ್ಗೆ ಬಸ್ಸಿಗೆ ತೋಟಕ್ಕೆ ಹೋಗಿ ಸಂಜೆ ಬರುತ್ತಿದ್ದರು. ಮಳೆಗಾಲ ಪೂರ್ತಿ ಪೇಟೆಯಲ್ಲೇ. ಮೊದಲ ವರ್ಷ "ಮಳೆಗಾಲ ಮುಗಿಯುವ ತನಕ ಅಷ್ಟೇ" ಅಂತಲೇ ಹೋದದ್ದು. ಹಾಗಂದುಕೊಂಡಿದ್ದರಿಂದಲೇ ಅವರು ಒಪ್ಪಿದರು. ಹಳೇ ಮನೆಯ ಪಾತ್ರೆ, ಹಾಸಿಗೆ, ದೇವರು ಎಲ್ಲ ಅಲ್ಲೇ ಇತ್ತು, ಪೂಜೆಗೆ ಒಬ್ಬರನ್ನು ಗೊತ್ತು ಮಾಡಿದ್ದೆವು. ಮನೆ ಖಾಲಿ ಮಾಡುವ ಮಾತೇ ಎತ್ತಲಿಲ್ಲ.

ನಿಮ್ಮ ಅಮ್ಮ "ಅವರು ಬಂದರೆ ಬರ್ತೀನಿ" ಅಂದದ್ದನ್ನು ಓದಿ ಸಂಕಟವಾಯಿತು ಮಗಾ. ಆ ಉತ್ತರದಲ್ಲಿ ಅವರ ಮನಸ್ಸು ಇಲ್ಲ. ಅವರನ್ನು ಬೇರೆಯಾಗಿ ಕೂರಿಸಿಕೊಂಡು ಕೇಳು. ಒಲೆ ಹಚ್ಚುವುದು, ನೀರು ಕಾಯಿಸುವುದು, ಕೆಲಸದವರಿಗೆ ಬೇಯಿಸಿ ಬಡಿಸುವುದು, ಎಲ್ಲ ಮಂಡಿ ನೋವಿನಲ್ಲಿ ಅವರೇ ಮಾಡುತ್ತಿರಬೇಕು. ತೋಟ ಬಿಡಲಾರೆ ಅನ್ನುವುದು ಗಂಡಸರ ಮಾತು, ಅಡುಗೆ ಮನೆ ಬಿಟ್ಟರೆ ಸಾಕಪ್ಪಾ ಅನ್ನುವುದು ನಮ್ಮ ಮಾತು. ಅದನ್ನು ನಾವು ಬಾಯಿ ಬಿಟ್ಟು ಹೇಳುವುದಿಲ್ಲ.

ಗದಗ ಕಡೆಯವರು

ನಮ್ಮ ಕಡೆ ಊರು ಅಂದರೆ ಗೋಡೆಗೆ ಗೋಡೆ ಹತ್ತಿದ ಮನೆಗಳು. ಅವ್ವ ಬೆಳಿಗ್ಗೆ ಬಾಗಿಲು ತೆಗೆಯದಿದ್ದರೆ ಓಣಿಯವರು ಬಂದು ಬಡಿಯುತ್ತಾರೆ. ಬಿಪಿ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದೆ, ಆಶಾ ಕಾರ್ಯಕರ್ತೆ ಅದೇ ಓಣಿಯವಳು. ಅದಕ್ಕೇ ಅವ್ವ ಅಲ್ಲೇ ಇರಲಿ ಅಂತ ಒಪ್ಪಿದೆವು. ಮಲೆನಾಡಿನ ಒಂಟಿ ಮನೆಗೆ ಈ ಲೆಕ್ಕ ಹೊಂದುವುದಿಲ್ಲ.

ಸಾಗರ ಕಡೆಯವರು

ಟೀಚರಮ್ಮ ಹೇಳಿದ ಹಾಗೆ ಪೇಟೆ ಮನೆಯೇ ಸರಿ ಅನ್ನಿಸಿದರೆ ದನಗಳ ವಿಷಯ ಮೊದಲೇ ಮಾತಾಡಿಕೊಳ್ಳಿ. ನಮ್ಮಲ್ಲಿ ಎಲ್ಲ ಒಪ್ಪಿದ ಮೇಲೂ ಅಪ್ಪಯ್ಯ ಹೊರಡದೇ ಇದ್ದದ್ದು ಎರಡು ಮಲೆನಾಡು ಗಿಡ್ಡ ಹಸುಗಳಿಗಾಗಿ. ಮಾರುವ ಮಾತೆತ್ತಿದರೆ ಊಟ ಬಿಡುತ್ತಿದ್ದರು. ಆಮೇಲೆ ನಮ್ಮ ತೋಟದಲ್ಲೇ ಕೆಲಸ ಮಾಡುವವರ ಮನೆಗೆ ಕೊಟ್ಟೆವು. ಹಾಲು, ಗೊಬ್ಬರ, ಹುಟ್ಟುವ ಕರು ಅವರಿಗೆ. ಹುಲ್ಲಿನ ಖರ್ಚು ನಮ್ಮದು. ಮಾರಬೇಕಾಗಿ ಬಂದರೆ ಅಪ್ಪಯ್ಯನನ್ನು ಕೇಳಬೇಕು, ಅಷ್ಟೇ ಷರತ್ತು. ಮೇ ತಿಂಗಳಲ್ಲೇ ಮುಗಿಸಿ. ಜೂನ್ ಬಂದರೆ ಕೊಟ್ಟಿಗೆಗೆ ಸೊಪ್ಪು ಹಾಕುವ ಕೆಲಸ ಶುರುವಾಗುತ್ತದೆ, ಆಮೇಲೆ ಅವರು ಜಗ್ಗುವುದಿಲ್ಲ.