ಗುರುಗ್ರಹ ಏಕೆ ನಕ್ಷತ್ರವಾಗಲಿಲ್ಲ?

ಪ್ರಶ್ನೆ (ಮದ್ದೂರು ಕಡೆಯ ಓದುಗ)

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರು ಇಂದಿಗೂ ಬೆಳಗಿನ ಜಾವವನ್ನು ‘ಬೆಳ್ಳಿ ಮೂಡುವ ಹೊತ್ತು’ ಎಂದೇ ಕರೆಯುತ್ತಾರೆ. ಆ ಬೆಳ್ಳಿ ಚುಕ್ಕಿ ನಕ್ಷತ್ರವಲ್ಲ, ಶುಕ್ರಗ್ರಹ ಎಂದು ಏಳನೆಯ ತರಗತಿಯಲ್ಲಿರುವ ಮಗಳು ಮೊನ್ನೆ ಅಜ್ಜಿಗೆ ವಿವರಿಸುತ್ತಿದ್ದಳು. ಸ್ವಂತ ಬೆಳಕುಳ್ಳದ್ದು ನಕ್ಷತ್ರ, ಸೂರ್ಯನ ಬೆಳಕನ್ನು ಪ್ರತಿಫಲಿಸುವುದು ಗ್ರಹ ಎಂಬಷ್ಟು ನನಗೂ ನೆನಪಿದೆ. ಆದರೆ ಗುರುಗ್ರಹದಲ್ಲಿಯೂ ಸೂರ್ಯನಲ್ಲಿರುವಂತೆ ಜಲಜನಕ, ಹೀಲಿಯಂ ಅನಿಲಗಳೇ ತುಂಬಿರುವಾಗ ಒಂದು ಉರಿದು ಇನ್ನೊಂದು ಏಕೆ ಉರಿಯುವುದಿಲ್ಲ ಎಂದು ಅವಳು ಕೇಳಿದಾಗ ನನಗೆ ಉತ್ತರ ತೋಚಲಿಲ್ಲ. ಮಾಳಿಗೆಯ ಮೇಲೆ ನಿಂತು ಬರಿಗಣ್ಣಿನಿಂದಲೇ ನಕ್ಷತ್ರ, ಗ್ರಹಗಳನ್ನು ಬೇರ್ಪಡಿಸಿ ಗುರುತಿಸುವುದು ಹೇಗೆಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1 (ಮೈಸೂರಿನ ವಿಜ್ಞಾನ ಶಿಕ್ಷಕಿ)

ನಿಮ್ಮ ಮಗಳು ವಿಷಯದ ತಿರುಳಿಗೇ ಕೈ ಹಾಕಿದ್ದಾಳೆ, ಬಹಳ ಸಂತೋಷವಾಯಿತು. ಮೊದಲಿಗೆ, ಸೂರ್ಯನು ಸೌದೆಯಂತೆ ಉರಿಯುತ್ತಿಲ್ಲ ಎಂದು ಅವಳಿಗೆ ಹೇಳಿ. ತನ್ನದೇ ಅಗಾಧ ಭಾರಕ್ಕೆ ಸೂರ್ಯನ ಒಡಲು ಎಷ್ಟು ಅದುಮಿಹೋಗಿದೆಯೆಂದರೆ, ಅದರ ಕೇಂದ್ರದ ಉಷ್ಣತೆ ಸುಮಾರು 1.5 ಕೋಟಿ ಡಿಗ್ರಿ ಸೆಲ್ಸಿಯಸ್‌ಗೆ ಏರಿ, ಅಲ್ಲಿ ಜಲಜನಕದ ಪರಮಾಣು ಬೀಜಗಳು ಒಂದಕ್ಕೊಂದು ಬೆಸೆದುಕೊಂಡು ಹೀಲಿಯಂ ಆಗುತ್ತಿವೆ. ಹೀಗೆ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕ ಬೆಸೆಯುತ್ತದೆ. ಅದರಲ್ಲಿ ಸುಮಾರು 40 ಲಕ್ಷ ಟನ್ನಿನಷ್ಟು ದ್ರವ್ಯವು ಶಕ್ತಿಯಾಗಿ ಹೊರಹೊಮ್ಮುತ್ತದೆ. ನಮ್ಮ ಹಗಲು ಅದರದೇ ಫಲ.

ಗುರುವಿನ ದ್ರವ್ಯರಾಶಿ ಭೂಮಿಯದಕ್ಕಿಂತ 318 ಪಟ್ಟು ಹೆಚ್ಚಾಗಿದ್ದರೂ ಸೂರ್ಯನ ಸಾವಿರದಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ. ಸಾಮಗ್ರಿ ಅದೇ ಆದರೂ ಅದುಮುವ ಭಾರ ಸಾಲದು. ಈಗಿರುವುದರ ಸುಮಾರು 80 ಪಟ್ಟು ದ್ರವ್ಯ ಅದಕ್ಕೆ ದಕ್ಕಿದ್ದರೆ ಅದೂ ಒಂದು ಮಂದ, ಕೆಂಪು ನಕ್ಷತ್ರವಾಗುತ್ತಿತ್ತು. ಸುಮಾರು 13 ಪಟ್ಟಿನಿಂದ 80 ಪಟ್ಟಿನವರೆಗಿನ ಕಾಯಗಳನ್ನು ಕಂದು ಕುಬ್ಜಗಳೆಂದು ಕರೆಯುತ್ತಾರೆ. ಅವು ಸಾಮಾನ್ಯ ಜಲಜನಕದ ಬೆಸುಗೆಯನ್ನು ನಿರಂತರವಾಗಿ ನಡೆಸಲಾರವು. ಗಾತ್ರವನ್ನು ಮಾತ್ರ ಅಳತೆಗೋಲಾಗಿ ಹಿಡಿಯಬೇಡಿ, ಏಕೆಂದರೆ ಅತಿ ಚಿಕ್ಕ ನಕ್ಷತ್ರಗಳ ಅಗಲ ಹೆಚ್ಚುಕಡಿಮೆ ಗುರುವಿನಷ್ಟೇ ಇರುತ್ತದೆ.

ಉತ್ತರ 2 (ಪಾಂಡವಪುರದ ರೈತ)

ಮಾಳಿಗೆಯ ಪ್ರಶ್ನೆಗೆ ನಾನು ಹೇಳುತ್ತೇನೆ. ನಮ್ಮ ಆಲೆಮನೆಯಲ್ಲಿ ಕೊಪ್ಪರಿಗೆ ಕಾದಿರುವಾಗ, ಅದರ ಮೇಲಿನ ಬಿಸಿ ಗಾಳಿಯ ಆಚೆ ನಿಂತವರ ಮುಖ ಅಲುಗಾಡಿದಂತೆ ಕಾಣುತ್ತದೆ. ಭೂಮಿಯ ವಾಯುಮಂಡಲವೂ ಚುಕ್ಕಿಗಳ ಬೆಳಕನ್ನು ಹಾಗೆಯೇ ಅಲುಗಿಸುತ್ತದೆ. ನಕ್ಷತ್ರಗಳು ಬಹುದೂರದಲ್ಲಿರುವುದರಿಂದ ನಮಗೆ ಬರಿಯ ಬಿಂದುಗಳು, ಆದ್ದರಿಂದ ಅವು ಮಿನುಗುತ್ತವೆ. ಗ್ರಹಗಳು ಹತ್ತಿರದಲ್ಲಿದ್ದು ಪುಟ್ಟ ಬಿಲ್ಲೆಗಳಾಗಿರುವುದರಿಂದ ಬಿಲ್ಲೆಯ ಒಂದು ಭಾಗ ಮಂದವಾದಾಗ ಇನ್ನೊಂದು ಭಾಗ ಬೆಳಗಿ, ಒಟ್ಟು ಬೆಳಕು ನಿಶ್ಚಲವಾಗಿ ಕಾಣುತ್ತದೆ.

ಇದಕ್ಕಿಂತ ನೆಚ್ಚಿಕೆಯ ಗುರುತು ಚಲನೆ: ನಕ್ಷತ್ರಗಳು ಇದ್ದಲ್ಲೇ ಇರುವಂತೆ ಕಂಡರೆ, ಗ್ರಹಗಳು ಅವುಗಳ ನಡುವೆ ಸಾಗುತ್ತವೆ. ನಾವು ರೋಹಿಣಿ ಮಳೆ ಎನ್ನುವುದು ಮೇ ಕೊನೆಯ ವಾರದಲ್ಲಿ ಸೂರ್ಯನು ರೋಹಿಣಿಯ ಭಾಗವನ್ನು ಹೊಕ್ಕ ಮೇಲಿನ ಸುಮಾರು ಹದಿನಾಲ್ಕು ದಿನಗಳಲ್ಲಿ ಬೀಳುವ ಮಳೆಗೆ. ಅಲ್ಲಿ ನಕ್ಷತ್ರವೇ ನೆಟ್ಟ ಗಡಿಕಲ್ಲು. ನವಗ್ರಹಗಳಲ್ಲಿ ಸೂರ್ಯಚಂದ್ರರನ್ನೂ ಎಣಿಸಿರುವುದು ನಕ್ಷತ್ರಗಳ ನಡುವೆ ಅವೂ ಸಾಗುವಂತೆ ಕಾಣುವುದರಿಂದಲೇ. 2024ರ ಡಿಸೆಂಬರಿನಲ್ಲಿ ಕೆಂಪನೆಯ ರೋಹಿಣಿಯ ಸಮೀಪವಿದ್ದ ಗುರು 2025ರ ಡಿಸೆಂಬರಿನ ಹೊತ್ತಿಗೆ ಮಿಥುನದಲ್ಲಿ, ಪುನರ್ವಸುವಿನ ಜೋಡಿ ಚುಕ್ಕಿಗಳ ಸಮೀಪಕ್ಕೆ ಬಂದಿತ್ತು. ರೋಹಿಣಿಯಾದರೋ ಕೃತ್ತಿಕೆಯ ಪಕ್ಕದಲ್ಲಿ ಇದ್ದಲ್ಲೇ ಇತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಗಳು ಈಗ ನೋಟ್ ಪುಸ್ತಕದಲ್ಲಿ ಚುಕ್ಕಿಗಳ ಸ್ಥಾನವನ್ನು ಬರೆದಿಡಲು ಆರಂಭಿಸಿದ್ದಾಳೆ. ಒಂದೇ ಸಂದೇಹ ಉಳಿದಿದೆ: ತೆಂಗಿನ ತೋಟದ ಅಂಚಿನಲ್ಲಿ, ತೀರಾ ಕೆಳಗೆ ಕಂಡ ಶುಕ್ರವೂ ಮಿನುಗಿದಂತೆ ಕಂಡಿತಲ್ಲ?

ಉತ್ತರ 2 ಬರೆದವರು

ಹೌದು, ದಿಗಂತದ ಬಳಿ ಬೆಳಕು ಹೆಚ್ಚು ದಪ್ಪನೆಯ ಗಾಳಿಯನ್ನು ಹಾದು ಬರುವುದರಿಂದ ಗ್ರಹವೂ ಮಿನುಗುವುದುಂಟು. ಅದು ತೆಂಗಿನ ತಲೆಗಿಂತ ಸಾಕಷ್ಟು ಮೇಲಿರುವ ಹೊತ್ತಿನಲ್ಲಿ ಇನ್ನೊಮ್ಮೆ ನೋಡಿಸಿ.