ಗೋ ಪ್ರೋಗ್ರಾಮಿಂಗ್ ಭಾಷೆಯ ತಿರುಳು ಪುಟ್ಟದಾಗಿಯೇ ಇರಬೇಕೇ?

ಪ್ರಶ್ನೆ: ಗೋದಲ್ಲಿ ಇರುವುದು 25 ಕೀವರ್ಡ್ (ಭಾಷೆಯೇ ಕಾಯ್ದಿರಿಸಿದ ಪದ). 2022ರಲ್ಲಿ, 1.18ನೇ ಆವೃತ್ತಿಗೆ ಜೆನೆರಿಕ್ಸ್ (ಒಂದೇ ಕೋಡ್ ಹಲವು ಟೈಪ್‌ಗಳಿಗೆ ನಡೆಯುವ ಸೌಲಭ್ಯ) ಬಂತು, ಆಮೇಲೆ 1.21ಕ್ಕೆ ಮಿನ್, ಮ್ಯಾಕ್ಸ್, ಕ್ಲಿಯರ್ ಎಂಬ ಸಿದ್ಧ ಫಂಕ್ಷನ್‌ಗಳು. ಹೀಗೇ ಹೋದರೆ, ಸೇರಿಸುತ್ತಲೇ ದೊಡ್ಡದಾದ ಸಿ++ ಭಾಷೆಯ ಹಾದಿಯೇ ಅಲ್ಲವೇ?

ಉತ್ತರ 1: ಜೆನೆರಿಕ್ಸ್ ಬಂದರೂ ಕೀವರ್ಡ್ 25 ದಾಟಿಲ್ಲ. ಮಿನ್ ಕೂಡ ಕಾಯ್ದಿರಿಸಿದ ಪದವಲ್ಲ; ಹಳೆ ಕೋಡ್‌ನಲ್ಲಿ ನಿಮ್ಮದೇ ಮಿನ್ ಫಂಕ್ಷನ್ ಇದ್ದರೆ ಅದೇ ನಡೆಯುತ್ತದೆ.

ಉತ್ತರ 2: ಸೇರಿಸುವುದಲ್ಲ ಸಾರ್, ಇದ್ದದ್ದರ ಅರ್ಥ ಬದಲಿಸುವುದೇ ಅಪಾಯ. 1.22ರಿಂದ ಫಾರ್ ಲೂಪಿನ ವೇರಿಯಬಲ್ ಪ್ರತಿ ಸುತ್ತಿಗೂ ಹೊಸದು. ಮೊದಲು ಎಲ್ಲ ಸುತ್ತಿಗೂ ಒಂದೇ; ಹಾಗಾಗಿ ಲೂಪಿನೊಳಗೆ ಶುರುಮಾಡಿದ, ಒಟ್ಟೊಟ್ಟಿಗೆ ಓಡುವ ಕೆಲಸಗಳಾದ ಗೋರೂಟೀನ್‌ಗಳು ಸಾಮಾನ್ಯವಾಗಿ ಆ ವೇರಿಯಬಲ್‌ನ ಕೊನೆಯ ಮೌಲ್ಯವನ್ನೇ ಮುದ್ರಿಸುತ್ತಿದ್ದವು. (ಬದಲಾವಣೆ ಒಳ್ಳೆಯದೇ, ತಡವಾಯಿತು ಅಷ್ಟೆ.) ಪ್ರಾಜೆಕ್ಟಿನ ಗೋ ಆವೃತ್ತಿ ಹೇಳುವ ಗೋ.ಮಾಡ್ ಫೈಲಿನಲ್ಲಿ 1.21 ಎಂದಿದ್ದರೆ ಹಳೆ ನಡವಳಿಕೆಯೇ. ಆ ಸಾಲು ಏರಿಸಿದ ಮೇಲೆ ಟೆಸ್ಟೆಲ್ಲ ಓಡಿಸಿ.

ಪ್ರಶ್ನೆ ಕೇಳಿದವರು: ಅಂದರೆ ಕಂಪೈಲರ್ ಮಾತ್ರ ಹೊಸದು ಹಾಕಿದರೆ ಲೂಪ್ ಬದಲಾಗದು?

ಉತ್ತರ 2: ಬದಲಾಗದು.